ಕೀಲಿ ಹಾಕುವ ಮುನ್ನ ಕೀಲಿಕೈ ಯಾರಲ್ಲಿದೆ ನೋಡಿ

ನಿಮ್ಮ ಬಿಟ್‌ಕಾಯಿನ್ ನಮಗೆ ಕೊಡಿ, 18 ತಿಂಗಳು ಮುಟ್ಟಬೇಡಿ, ತಿಂಗಳಿಗೆ ಶೇ 10ರಂತೆ ಕೊಡುತ್ತ ಹೋಗುತ್ತೇವೆ. 2015ರಲ್ಲಿ ಶುರುವಾದ ‘ಗೇನ್‌ಬಿಟ್‌ಕಾಯಿನ್’ ಯೋಜನೆ ಜನರಿಗೆ ಕೊಟ್ಟ ಮಾತು ಇದು. ಮೊದಮೊದಲು ಹಣ ಬಂತು. ಹಣ ಪಡೆದವರೇ ನೆಂಟರಿಷ್ಟರಿಗೆ ಹೇಳಿದರು, ಸರಪಳಿ ಬೆಳೆಯಿತು. ಆಮೇಲೆ ಬಿಟ್‌ಕಾಯಿನ್ ನಿಂತು, ಅದರ ಬದಲಿಗೆ ಯೋಜನೆ ನಡೆಸುವವರೇ ಹುಟ್ಟಿಸಿದ ‘ಎಂಕ್ಯಾಪ್’ ಎಂಬ ನಾಣ್ಯ ಬಂತು. ಅದರ ನಿಜವಾದ ಬೆಲೆ ಬಿಟ್‌ಕಾಯಿನ್‌ಗಿಂತ ತೀರಾ ಕಡಿಮೆ ಇತ್ತು. ಯೋಜನೆಯ ಸೂತ್ರಧಾರನೆಂಬ ಆರೋಪ ಹೊತ್ತ ಅಮಿತ್ ಭಾರದ್ವಾಜ್ 2018ರಲ್ಲಿ ಬಂಧನಕ್ಕೊಳಗಾಗಿ, 2022ರಲ್ಲಿ ತೀರಿಕೊಂಡ. ಸಿಬಿಐ 2025ರ ಫೆಬ್ರುವರಿಯಲ್ಲಿ 60ಕ್ಕೂ ಹೆಚ್ಚು ಸ್ಥಳಗಳಲ್ಲಿ ಶೋಧ ನಡೆಸಿತು. ಆ ಊರುಗಳ ಪಟ್ಟಿಯಲ್ಲಿ ಬೆಂಗಳೂರು ಇತ್ತು, ನಮ್ಮ ನೆರೆಯ ಕೊಲ್ಹಾಪುರವೂ ಇತ್ತು.

ಕೊಲ್ಹಾಪುರಕ್ಕೆ ಬಂದದ್ದು ಬೆಳಗಾವಿಗೆ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಅದಕ್ಕಾಗಿಯೇ, ಯಾರದೋ ಮನೆಯ ಗೋಳು ಸುದ್ದಿಯಾಗುವ ಮೊದಲೇ, ಬೆಳಗಾವಿ ನಗರದ ಮತ್ತು ಖಾನಾಪುರ ತಾಲ್ಲೂಕಿನ ಉಳಿತಾಯಗಾರರಿಗೆ ಈ ಮಾತು ಹೇಳಬೇಕಾಗಿದೆ. ಕ್ರಿಪ್ಟೊ ಹಣವನ್ನು ಇಂತಿಷ್ಟು ಅವಧಿಗೆ ಕಟ್ಟಿಹಾಕಿ ಎನ್ನುವ ಯಾವುದೇ ಯೋಜನೆಯಲ್ಲಿ ಬಡ್ಡಿಗಿಂತ ಮೊದಲು ನೋಡಬೇಕಾದದ್ದು ಅವಧಿಯನ್ನು.

ಯಾಕೆಂದರೆ ಮೋಸಗಾರನಿಗೆ ಬೇಕಾದದ್ದು ಕಾಲಾವಕಾಶ. ಹಣ ಇದೆಯೋ ಇಲ್ಲವೋ ಎಂದು ತಿಳಿಯಲು ಇರುವ ಒಂದೇ ದಾರಿ, ವಾಪಸ್ ಕೇಳುವುದು. ಅವಧಿಯ ಕರಾರು ಆ ದಾರಿಯನ್ನೇ ಮುಚ್ಚುತ್ತದೆ. ಮೊಬೈಲ್ ಪರದೆಯಲ್ಲಿ ಮೊತ್ತ ದಿನದಿನಕ್ಕೂ ಏರುತ್ತಿರುತ್ತದೆ, ನಾವು ನಂಬಿಕೊಂಡು ಕೂರುತ್ತೇವೆ. ‘ಬಿಟ್‌ಕನೆಕ್ಟ್’ ಎಂಬ ಕ್ರಿಪ್ಟೊ ಯೋಜನೆ ಇದನ್ನೇ ಮಾಡಿತು. ಸಣ್ಣ ಮೊತ್ತ ಹಾಕಿದವರ ಅಸಲು 299 ದಿನ ಸಿಗುವಂತಿರಲಿಲ್ಲ, ದೊಡ್ಡ ಮೊತ್ತದವರಿಗೆ 120 ದಿನ. 2018ರ ಜನವರಿಯಲ್ಲಿ ಅದು ಬಾಗಿಲು ಹಾಕಿದಾಗ ಅದರ ನಾಣ್ಯದ ಬೆಲೆ ಕೆಲವೇ ದಿನಗಳಲ್ಲಿ ನೆಲಕಚ್ಚಿತು.

ಕಂಪನಿ ದೊಡ್ಡದು, ಕಚೇರಿ ಇದೆ ಎಂಬುದೂ ಭರವಸೆಯಲ್ಲ. ಕ್ರಿಪ್ಟೊ ಮೇಲೆ ನಿಶ್ಚಿತ ಠೇವಣಿ ನೀಡುತ್ತಿದ್ದ, ಸಿಂಗಪುರ ಮೂಲದ ‘ವಾಲ್ಡ್’ ಭಾರತದಲ್ಲಿ ‘ಫ್ಲಿಪ್‌ವೋಲ್ಟ್’ ಹೆಸರಿನಲ್ಲಿ ವ್ಯವಹರಿಸುತ್ತಿತ್ತು. 2022ರ ಜುಲೈ 4ರಂದು ಅದು ಗ್ರಾಹಕರು ಹಣ ಹಿಂಪಡೆಯುವುದನ್ನೇ ತಡೆಯಿತು. ಅದು ಕೊಡಬೇಕಿದ್ದದ್ದು ಸುಮಾರು 40 ಕೋಟಿ ಡಾಲರ್, ಅದರಲ್ಲಿ ಹೆಚ್ಚಿನ ಪಾಲು ಸಾಮಾನ್ಯ ಠೇವಣಿದಾರರದ್ದು. ಮರುವಾರವೇ ಅಮೆರಿಕದ ಕ್ರಿಪ್ಟೊ ಕಂಪನಿ ‘ಸೆಲ್ಸಿಯಸ್’ ದಿವಾಳಿ ಅರ್ಜಿ ಹಾಕಿತು. ಅದರ ಮುಖ್ಯಸ್ಥನಾಗಿದ್ದ ಅಲೆಕ್ಸ್ ಮಶಿನ್‌ಸ್ಕಿಗೆ 2025ರಲ್ಲಿ 12 ವರ್ಷ ಜೈಲಾಯಿತು.

ಕ್ರಿಪ್ಟೊದಲ್ಲಿ ಅವಧಿಗೆ ಕಟ್ಟಿಹಾಕುವುದೆಲ್ಲ ವಂಚನೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ನಾಣ್ಯವನ್ನು ಜಾಲಕ್ಕೆ ಅಡವಿಡುವ ‘ಸ್ಟೇಕಿಂಗ್’ ಎಂಬ ಪದ್ಧತಿ ನಿಜವಾಗಿಯೂ ಇದೆ. ಈಥೀರಿಯಂ ಜಾಲ 2022ರ ಸೆಪ್ಟೆಂಬರ್‌ನಿಂದ ನಡೆಯುತ್ತಿರುವುದೇ ಹಾಗೆ ಅಡವಿಟ್ಟ ನಾಣ್ಯಗಳ ಬಲದಿಂದ. ಅಡವಿಟ್ಟವರಿಗೆ ಸಿಗುವ ಪ್ರತಿಫಲ ವರ್ಷಕ್ಕೆ ಸುಮಾರು ಶೇ 3ರ ಆಸುಪಾಸು, ಅದೂ ಏರಿಳಿಯುತ್ತದೆ. ವರ್ಷಕ್ಕೆ ಶೇ 3 ಎಲ್ಲಿ, ತಿಂಗಳಿಗೆ ಶೇ 10 ಎಲ್ಲಿ! ತನ್ನ ನಾಣ್ಯ ತಾನೇ ಇಟ್ಟುಕೊಂಡು, ಗುಪ್ತ ಕೀಲಿಯನ್ನು ತನ್ನಲ್ಲೇ ಉಳಿಸಿಕೊಂಡು, ಜಾಲದ ನಿಯಮದಂತೆ ಕಟ್ಟಿಹಾಕುವವನು ಬೆಲೆ ಕುಸಿತದ ಅಪಾಯವನ್ನು ಹೊರುತ್ತಾನೆ. ನಾಣ್ಯವನ್ನೇ ಇನ್ನೊಬ್ಬರ ಖಾತೆಗೆ ಕಳಿಸಿ ಅವಧಿ ಎಣಿಸುವವನು ಆ ಅಪಾಯದ ಜೊತೆಗೆ ಆ ಇನ್ನೊಬ್ಬರ ನಿಯತ್ತನ್ನೂ ಪಣಕ್ಕಿಟ್ಟಿರುತ್ತಾನೆ. ಬೆಲೆ ಕುಸಿತವೂ ಸಣ್ಣದೇನಲ್ಲ. 2021ರ ನವೆಂಬರ್‌ನಲ್ಲಿ 69,000 ಡಾಲರ್ ಮುಟ್ಟಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16,000ಕ್ಕಿಂತ ಕೆಳಗಿಳಿಯಿತು. ಕೀಲಿ ಬಿದ್ದ ಹಣದವರು ಅದನ್ನು ನೋಡುತ್ತ ಕೂರಬೇಕಷ್ಟೆ.

ನಮ್ಮ ಭಾಗಕ್ಕೆ ಈ ಎಚ್ಚರಿಕೆ ಹೆಚ್ಚು ಬೇಕು. ಇಲ್ಲಿ ಅಂಗಡಿಕಾರ ದಿನಾ ಪಿಗ್ಮಿ ಕಟ್ಟುತ್ತಾನೆ, ಓಣಿಯ ಹೆಂಗಸರು ಭಿಶಿ ನಡೆಸುತ್ತಾರೆ, ಕಬ್ಬಿನ ಬಿಲ್ಲು ಬಂದರೆ ಸೊಸೈಟಿಯಲ್ಲಿ ಠೇವಣಿ ಇಡುತ್ತಾರೆ. ಅವಧಿಗೆ ಹಣ ಕಟ್ಟಿ ಕಾಯುವುದು ನಮ್ಮ ಜನರ ಶಿಸ್ತು, ಅದು ಅವರ ಗುಣ. ಮೋಸದ ಯೋಜನೆ ಆ ಗುಣವನ್ನೇ ಹಿಡಿದು ಒಳಬರುತ್ತದೆ. ಆ ಪೆಟ್ಟು ಬೆಳಗಾವಿಗೆ ಗೊತ್ತಿದೆ. 2017ರಲ್ಲಿ ಸಂಗೊಳ್ಳಿ ರಾಯಣ್ಣ ಅರ್ಬನ್ ಕ್ರೆಡಿಟ್ ಸೊಸೈಟಿಯ ಠೇವಣಿದಾರರು ತಮ್ಮ ಹಣಕ್ಕಾಗಿ ಬೀದಿಗಿಳಿದದ್ದನ್ನು ಈ ಊರು ಕಂಡಿದೆ. ಖಾನಾಪುರ ತಾಲ್ಲೂಕಿನಲ್ಲಿ 2025ರ ಮಾರ್ಚ್‌ನಲ್ಲಿ, ಫೋನಿನಲ್ಲೇ ಬೆದರಿಸಿ ಉಳಿತಾಯ ದೋಚಿದ ಸೈಬರ್ ವಂಚಕರ ಕಾಟಕ್ಕೆ ವೃದ್ಧ ದಂಪತಿ ಪ್ರಾಣವನ್ನೇ ಕಳೆದುಕೊಂಡರು. ಹಳ್ಳಿಯ ಮನೆಗೆ ವಂಚಕ ತಲುಪುವುದಿಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಸೊಸೈಟಿ ಮುಳುಗಿದರೆ ಕಟ್ಟಡ ಇರುತ್ತದೆ, ಜಮೀನು ಇರುತ್ತದೆ. ಠೇವಣಿದಾರರ ಹಿತರಕ್ಷಣೆಗೆಂದು 2004ರಲ್ಲಿ ಬಂದ ರಾಜ್ಯದ ಕಾನೂನಿನಡಿ ಜಪ್ತಿ ಮಾಡಲು ಏನಾದರೂ ಸಿಗುತ್ತದೆ. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪಿನಲ್ಲಿ ನಡೆಯುವ ನಾಣ್ಯದ ಯೋಜನೆ ಮುಳುಗಿದರೆ ಜಪ್ತಿಗೆ ಸಿಗುವುದು ಏನು? ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷ ರೂಪಾಯಿವರೆಗಿನ ವಿಮೆ ಇಲ್ಲಿಲ್ಲ. ಲಾಭ ಬಂದರೆ ಸರ್ಕಾರ ಶೇ 30 ತೆರಿಗೆ ಕೇಳುತ್ತದೆ. ನಷ್ಟವನ್ನು ಬೇರೆ ಆದಾಯದಲ್ಲಿ ಕಳೆದುಕೊಳ್ಳಲೂ ಬಿಡುವುದಿಲ್ಲ. ತೆರಿಗೆ ಇದೆ ಎಂದರೆ ರಕ್ಷಣೆಯೂ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆಡಳಿತ ಮಾಡಬೇಕಾದ ಕೆಲಸ ಸ್ಪಷ್ಟವಿದೆ. ಜಿಲ್ಲಾಡಳಿತ ಮತ್ತು ಪೊಲೀಸರು ಕನ್ನಡ, ಮರಾಠಿ ಎರಡರಲ್ಲೂ ಎಚ್ಚರಿಕೆ ಸಾರಲಿ. ಕಬ್ಬಿನ ಬಿಲ್ಲು, ಗೋಡಂಬಿ ಹಣ ಕೈಸೇರುವ ತಿಂಗಳಲ್ಲೇ ಗ್ರಾಮಸಭೆಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಸಾರಲಿ. ಸಹಕಾರ ಇಲಾಖೆ ಪಿಗ್ಮಿ ಏಜೆಂಟರು ಇಂಥ ಯೋಜನೆಗಳ ದಲ್ಲಾಳಿಗಳಾಗದಂತೆ ಸೊಸೈಟಿಗಳನ್ನು ಹೊಣೆ ಮಾಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ‘ನಿಮ್ಮ ಅವಧಿಯೇ ಮುಗಿದಿಲ್ಲವಲ್ಲ’ ಎಂದು ದೂರುದಾರನನ್ನು ಠಾಣೆಯಿಂದ ಹಿಂದೆ ಕಳಿಸುವುದು ಬೇಡ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾನೂನು ನಿಷೇಧಿಸಿದೆ. ಜನರ ಹಣ ಪೂರ್ತಿ ಕರಗುವವರೆಗೆ ಪೊಲೀಸರು ಕಾಯಬೇಕಿಲ್ಲ.

ಉಳಿತಾಯಗಾರರು ನೋಡಬೇಕಾದ ಲಕ್ಷಣಗಳೂ ಸರಳ. ನಿಶ್ಚಿತ ಲಾಭದ ಮಾತು, ಇನ್ನೊಬ್ಬರನ್ನು ಸೇರಿಸಿದರೆ ಕಮಿಷನ್, ಯಾವುದೋ ವ್ಯಕ್ತಿಯ ಖಾತೆಗೆ ಯುಪಿಐ ಮಾಡಿಸುವುದು, ನಡುವೆ ಅವಧಿ ಬೆಳೆಸುವುದು, ಬೇರೆ ನಾಣ್ಯ ಕೊಡುವುದು, ಹಣ ಬಿಡಿಸಲು ಮೊದಲು ‘ತೆರಿಗೆ’ ಕಟ್ಟಿ ಎನ್ನುವುದು. ಇವುಗಳಲ್ಲಿ ಒಂದು ಕಂಡರೂ ದೂರ ಉಳಿಯಿರಿ. ಕಳೆದುಕೊಂಡರೆ ಸಂಸಾರ ನಡೆಯುವುದಿಲ್ಲ ಎನ್ನುವ ಹಣವನ್ನು, ಮಗಳ ಮದುವೆಯದಾಗಲಿ ಬಿತ್ತನೆಯದಾಗಲಿ, ಕ್ರಿಪ್ಟೊ ಕೀಲಿಯೊಳಗೆ ಇಡಲೇಬೇಡಿ.

ಈಗಾಗಲೇ ಇಟ್ಟವರು ನಾಚಿಕೊಂಡು ಸುಮ್ಮನಿರಬೇಡಿ. ಹಣ ವಾಪಸ್ ಕೊಡಿ ಎಂದು ಈಗಲೇ ಬರವಣಿಗೆಯಲ್ಲಿ ಕೇಳಿ, ಹಣ ಕಳಿಸಿದ ದಾಖಲೆ ಮತ್ತು ಸಂದೇಶಗಳನ್ನು ಜೋಪಾನ ಮಾಡಿ, ಇನ್ನೊಬ್ಬರನ್ನು ಸೇರಿಸುವುದನ್ನು ನಿಲ್ಲಿಸಿ. ಉತ್ತರದಲ್ಲಿ ಸಬೂಬು ಬಂದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ಠಾಣೆಗೆ ಹೋಗಿ. ಅವಧಿ ಮುಗಿಯಲಿ ಎಂದು ಕಾಯುವ ಪ್ರತಿ ದಿನವೂ ವಂಚಕನಿಗೆ ನಾವು ಕೊಡುವ ದಿನ.