ಬರೆದವನ್ಯಾರೋ, ಬೀಗಿದವನ್ಯಾರೋ!

ದೋಸೆ ತಿನ್ನಲು ಮುಳಬಾಗಿಲಿಗೆ ಹೋಗಿದ್ದೆ. ಜೊತೆಗೆ ಶ್ರೀನಿವಾಸಪುರದ ಒಬ್ಬ ಹುಡುಗ. ಬಸ್ ಇಳಿದವನೇ ಎದುರಿನ ಫ್ಲೆಕ್ಸ್ ನೋಡಿ ನಿಂತುಬಿಟ್ಟ. "ಅಣ್ಣಾ, ಇದು ನನ್ನ ಅಕ್ಷರ!"

ನೆಚ್ಚಿನ ನಾಯಕನ ಹುಟ್ಟುಹಬ್ಬಕ್ಕೆಂದು ಮೂರು ರಾತ್ರಿ ನಿದ್ದೆಗೆಟ್ಟು ಬರೆದ ಟೈಟಲ್. ಕತ್ತಿಯಂಥ ಕೊಂಬು, ಹೊಗೆಯಂತೆ ಎಳೆದ ಒತ್ತು, ಎಲ್ಲಾ ಇತ್ತು. ಮೂಲೆಯಲ್ಲಿದ್ದ ಅವನ ಹೆಸರು ಮಾತ್ರ ಮಾಯ! ಅಲ್ಲಿ ಯಾವುದೋ ಅಂಗಡಿಯ ಫೋನ್ ನಂಬರು. (ಫ್ಲೆಕ್ಸನ್ನೇ ಸರ್ಕಾರ 2016ರಲ್ಲಿ ನಿಷೇಧಿಸಿದೆ. ಅದು ಬೇರೆ ಕತೆ ಬಿಡಿ.)

ಅಂಗಡಿಯವರನ್ನ ಕೇಳಿದ್ದಕ್ಕೆ, "ವಾಟ್ಸಾಪ್‌ನಲ್ಲಿ ಬಂತು ಸಾರ್, ಹೊಡೆದೆ. ಅದಕ್ಕೇನೀಗ?"

ಅದಕ್ಕೇನೀಗ ಅಂದ್ರೆ, ಕೇಳಿ ಸ್ವಾಮಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸ್ವಂತಕ್ಕೆ ಬರೆದ ಚಿತ್ರ ಬರೆದ ಕ್ಷಣದಿಂದಲೇ ಬರೆದವನದು. ರಿಜಿಸ್ಟರ್ ಕಡ್ಡಾಯವಲ್ಲ. ಅವನು ಬದುಕಿರೋವರೆಗೆ, ಸತ್ತ ಮೇಲೂ 60 ವರ್ಷ ಆ ಹಕ್ಕು ಇರುತ್ತೆ. ಹಕ್ಕು ಮಾರಿಕೊಂಡರೂ "ಬರೆದವನು ನಾನೇ" ಎನ್ನುವ ಹಕ್ಕು 57ನೇ ಸೆಕ್ಷನ್ ಪ್ರಕಾರ ಉಳಿದೇ ಇರುತ್ತೆ. ಇನ್ನೊಂದು ಗುಟ್ಟು: 62ನೇ ಸೆಕ್ಷನ್ ಪ್ರಕಾರ ದಾವೆಯನ್ನ ತಾನಿರುವ ಜಿಲ್ಲೆಯಲ್ಲೇ ಹಾಕಬಹುದು. ಕದ್ದವನು ಚೆನ್ನೈನಲ್ಲಿದ್ದರೂ ನಮ್ಮ ಹುಡುಗನಿಗೆ ಕೋಲಾರದ ಕೋರ್ಟೇ ಸಾಕು. ವಕೀಲರ ಫೀಸಿನ ಮಾತು ನನ್ನನ್ನ ಕೇಳಬೇಡಿ!

ತಮಾಷೆ ಅಂದ್ಕೋಬೇಡಿ. 2022ರಲ್ಲಿ 'ಕಾಂತಾರ'ದ 'ವರಾಹ ರೂಪಂ' ತಮ್ಮ 'ನವರಸಂ' ಹಾಡನ್ನ ಹೋಲುತ್ತೆ ಅಂತ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟ್ ಮೆಟ್ಟಿಲೇರಿತು. ಅಷ್ಟು ದೊಡ್ಡ ಚಿತ್ರ ಓಟಿಟಿಗೆ ಬಂದಾಗ ಆ ಹಾಡಿನ ರಾಗವೇ ಬದಲಾಗಿತ್ತು!

ಹುಡುಗನ ಮುಖ ಅರಳಿತು. ಆಗ ನಾನೇ ಕೇಳ್ದೆ, "ತಮ್ಮಾ, ನಡುವೆ ಇರೋ ನಾಯಕನ ಫೋಟೋ?"

"ಗೂಗಲ್‌ನಲ್ಲಿ ತಗೊಂಡೆ ಅಣ್ಣಾ..."

ಇಬ್ಬರೂ ಸುಮ್ಮನಾದೆವು. ಆ ಸ್ಟಿಲ್‌ಗೂ ಒಬ್ಬ ಒಡೆಯ ಇದ್ದಾನಲ್ಲ! ಅಕ್ಷರ ಇವನದು, ಫೋಟೋ ಇವನದಲ್ಲ.

ಕೋಲಾರ, ಮಾಲೂರಿನ ಅಂಗಡಿಗಳಲ್ಲಿ ಡಿಸೈನ್ ಮಾಡೋ ತಮ್ಮಂದಿರೇ, ಪೆನ್ಸಿಲ್ ರಫ್ ಹರಿದು ಎಸೀಬೇಡಿ. ಲೇಯರ್ ಇರೋ ಮೂಲ ಫೈಲನ್ನ ಯಾರಿಗೂ ಕೊಡದೆ ನಿಮ್ಮದೇ ಈಮೇಲ್‌ಗೆ ಕಳಿಸಿಟ್ಕೊಳ್ಳಿ, ತಾರೀಖು ಬೀಳುತ್ತೆ. ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವನ ಪಾಲಾಗುತ್ತೆ. ಸಂಬಳಕ್ಕಿದ್ದು ಬರೆದದ್ದು ಮಾಲೀಕನದು. ಕೆಲಸಕ್ಕೆ ಮೊದಲೇ ಒಂದು ಸಾಲು ಬರೆಸಿಕೊಳ್ಳಿ.

ಕೊನೆಗೆ ಅಂಗಡಿಯವನು ಐನೂರು ಕೊಡೋಕೆ ಬಂದ. "ದುಡ್ಡು ಬೇಡ, ಹೆಸರು ಹಾಕಿ" ಅಂದ ಹುಡುಗ. ಮುಂದಿನ ಸಲ ನೋಡೋಣ ಅಂತ ಅವನು ಜಾರಿಕೊಂಡ. ಹೋದ ವಾರ ಅತ್ತ ಹೋದಾಗ ಆ ಫ್ಲೆಕ್ಸ್ ಕಂಡಿತು. ಹುಟ್ಟುಹಬ್ಬ ಮುಗಿದಿತ್ತು. ಯಾರೋ ಅದನ್ನ ಟೀ ಅಂಗಡಿಯ ಮೇಲೆ ಮಳೆಗೆ ಹೊದಿಸಿದ್ದರು. ಅಕ್ಷರ ತಲೆಕೆಳಗಾಗಿತ್ತು.