ಬೆನ್ನು ನಮ್ಮದು, ಮಾತು ಯಾರದು?

ಮರೋಳದ ಸುತ್ತಿನ ಊರುಗಳಲ್ಲಿ ಟೊಂಕ ನೋವು ಕಾಣದ ಮನೆ ಹುಡುಕಬೇಕು. ಇಳಕಲ್ಲಿನ ಕೆಂಪು ಗ್ರಾನೈಟಿನ ಕ್ವಾರಿಗಳಲ್ಲಿ ಬಂಡೆ ಹೊರಳಿಸಿದವರು ನಾವು. ಕುಣಿಮಗ್ಗದಾಗ ಕಾಲು ಇಳಿಬಿಟ್ಟು ದಿನವಿಡೀ ಸೀರೆ ನೇಯ್ದವರು ನಾವು. ಎರಿ ಹೊಲದಾಗ ಬಗ್ಗಿ ಕಳೆ ಕಿತ್ತವರೂ ನಾವೇ. ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಯಿತು. ನೋವು ನಮ್ಮಲ್ಲೇ ಉಳಿಯಿತು.

ಆ ನೋವು ಹೊತ್ತು ಶಹರದ ದವಾಖಾನೆಗೆ ಹೋಗುತ್ತೇವೆ. ಎಂಆರ್‌ಐ ತೆಗೆಸುತ್ತಾರೆ. ‘ಡಿಸ್ಕ್ ಜರಗೇದ. ಆಪರೇಶನ್ ಆಗಬೇಕು. ಇಲ್ಲಾಂದ್ರ ಕಾಲು ಹೋಗ್ತಾವ. ಸಹಿ ಮಾಡ್ರಿ.’ ನಾವೇನಂತೀವಿ? ‘ನೀವು ದೇವ್ರಿದ್ದಂಗ್ರೀ, ನೀವು ಹೇಳಿದಂಗ ಆಗ್ಲಿರಿ.’

ಗೆಳೆಯರೇ, ಈ ಮಾತನ್ನು ನಾವು ಕಲಿತದ್ದು ಗೌಡರ ಕಟ್ಟೆಯ ಕೆಳಗೆ ನಿಂತು, ಗುಡಿಯ ಹೊರಗೆ ನಿಂತು. ಅಲ್ಲಿ ಅದನ್ನು ಬಿಡಲು ಎರಡು ತಲೆಮಾರು ಬಡಿದಾಡಿದ್ದೇವೆ. ಈಗ ದವಾಖಾನೆಯ ಬಾಗಿಲಲ್ಲಿ ಅದನ್ನೇ ಮತ್ತೆ ಎತ್ತಿಕೊಂಡಿದ್ದೇವೆ!

ನಾವು ವೈದ್ಯದ ವಿರೋಧಿಗಳಲ್ಲ, ಆಪರೇಶನ್ ಬೇಡವೆನ್ನುವವರೂ ಅಲ್ಲ. ಉಚ್ಚೆ, ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದಿ ಜೋಮು ಹಿಡಿದರೆ, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಇಳಿದರೆ ಒಂದು ತಾಸೂ ಕಾಯಬಾರದು. ಆಗ ಎರಡನೇ ಡಾಕ್ಟರನ್ನು ಹುಡುಕುತ್ತ ಕೂತರೆ ಕಾಲೇ ಹೋದೀತು. ಆದರೆ ಬರೀ ಡಿಸ್ಕಿನ ನೋವು ಬಹುಪಾಲು ಮಂದಿಗೆ ಆಪರೇಶನ್ ಇಲ್ಲದೆ ಆರರಿಂದ ಹನ್ನೆರಡು ವಾರದಲ್ಲಿ ಇಳಿಯುತ್ತದೆ. ಎಂಆರ್‌ಐ ಚಿತ್ರವೊಂದೇ ತೀರ್ಪಲ್ಲ. ಯಾವ ನೋವೂ ಇಲ್ಲದ ೫೦ ವರ್ಷದವರಲ್ಲಿ ನೂರಕ್ಕೆ ೬೦ ಮಂದಿಯ ಡಿಸ್ಕ್ ಉಬ್ಬಿರುತ್ತದೆ ಎಂದು ೨೦೧೫ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಇದನ್ನು ನಮಗೆ ಯಾಕೆ ಹೇಳುವುದಿಲ್ಲ?

ಕೇಳದೆ ಸಹಿ ಹಾಕಿದರೆ ಏನಾಗುತ್ತದೆಂದು ಕಲಬುರಗಿ ಜಿಲ್ಲೆಯ ಹೆಣ್ಣುಮಕ್ಕಳನ್ನು ಕೇಳಿ. ಹೊಟ್ಟೆನೋವೆಂದು ಹೋದವರ ಗರ್ಭಕೋಶವನ್ನೇ ತೆಗೆದುಹಾಕಿದ್ದು ೨೦೧೫ರಲ್ಲಿ ಬಯಲಾಯಿತು. ಅವರಲ್ಲಿ ಬಹಳ ಮಂದಿ ದಲಿತರು, ಲಂಬಾಣಿಗಳು. ಕತ್ತರಿ ಎಲ್ಲಿ ಸಲೀಸಾಗಿ ಓಡುತ್ತದೆ? ಪ್ರಶ್ನೆ ಬಾರದ ಮೈಮೇಲೆ.

ಎರಡನೇ ಅಭಿಪ್ರಾಯ ಯಾರೋ ಕೊಡುವ ಭಿಕ್ಷೆಯಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ೨೦೧೮ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪಟ್ಟಿಯಲ್ಲಿ ಅದು ಇದೆ. ಒಪ್ಪಿಗೆ ಪಡೆಯುವ ಮುನ್ನ ಚಿಕಿತ್ಸೆಯ ಲಾಭ, ಅಪಾಯ, ಬೇರೆ ದಾರಿ, ಬೇಡವೆಂದರೆ ಆಗುವುದೇನು, ಇಷ್ಟನ್ನೂ ಹೇಳಬೇಕೆಂದು ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ ೨೦೦೮ರಲ್ಲೇ ಹೇಳಿತು. ದಾಖಲೆ ಕೇಳಿದರೆ ೭೨ ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯಕೀಯ ಪರಿಷತ್ತಿನ ೨೦೦೨ರ ನಿಯಮ. ಶ್ರೀಮಂತರು ತಮ್ಮ ಫೈಲು ಹಿಡಿದು ನಾಲ್ಕು ಆಸ್ಪತ್ರೆ ತಿರುಗಿದರೆ ಅದು ಜಾಣತನ. ನಾವು ತಿರುಗಿದರೆ ‘ನಂಬಿಕಿ ಇಲ್ಲೇನು?’

ಇನ್ನೊಂದು ಸತ್ಯವನ್ನೂ ಹೇಳಬೇಕು. ಆಯುಷ್ಮಾನ್ ಕಾರ್ಡು ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಆಸ್ಪತ್ರೆಯ ಖರ್ಚು ಕೊಡುತ್ತದೆ. ಮನೆಯಲ್ಲಿ ಆರು ವಾರ ಸುಧಾರಿಸಿಕೊಳ್ಳುವವನ ಕೂಲಿ ಕೊಡುವುದಿಲ್ಲ. ಕೊಯ್ಯುವುದಕ್ಕೆ ದುಡ್ಡುಂಟು, ಕಾಯುವುದಕ್ಕಿಲ್ಲ. ‘ಭಾರ ಎತ್ತಬ್ಯಾಡ’ ಅನ್ನುವ ಡಾಕ್ಟರು, ಭಾರ ಎತ್ತದಿದ್ದರೆ ರೊಟ್ಟಿ ಎಲ್ಲಿಂದ ಬರಬೇಕು ಎಂದು ಕೇಳುವುದಿಲ್ಲ. ಆಪರೇಶನ್ ಆದ ಮೇಲೂ ಅವನು ಅದೇ ಬಂಡೆಯ ಮುಂದೆ ನಿಲ್ಲಬೇಕಲ್ಲ! ಆದ್ದರಿಂದ ನಮ್ಮ ಬೇಡಿಕೆ ಎರಡು: ಎರಡನೇ ಅಭಿಪ್ರಾಯಕ್ಕೆ ಹೋಗಿಬರುವ ಬಸ್ ಚಾರ್ಜು, ಸುಧಾರಿಸಿಕೊಳ್ಳುವ ದಿನಗಳ ಕೂಲಿ.

ಅಲ್ಲಿಯತನಕ ಓದು ಬಲ್ಲ ಗೆಳೆಯರು, ಊರ ಶಾಲೆಯ ಮಾಸ್ತರರು ಒಂದು ಕೆಲಸ ಮಾಡಲಿ. ಆಪರೇಶನ್ ಅಂದವರ ಜೊತೆ ಒಬ್ಬರು ಹೋಗಲಿ. ರಿಪೋರ್ಟು, ಫಿಲ್ಮು ಕೈಗೆ ಪಡೆಯಲಿ. ಆ ದವಾಖಾನೆಗೆ ಸಂಬಂಧವಿಲ್ಲದ, ಹುಬ್ಬಳ್ಳಿಯ ಸರಕಾರಿ ಮೆಡಿಕಲ್ ಕಾಲೇಜಿನಂಥ ಕಡೆ ತೋರಿಸಲಿ. ‘ಯಾಕ ಮಾಡಬೇಕ್ರಿ? ಮಾಡದಿದ್ರ ಏನಾಗ್ತದ್ರಿ? ಬ್ಯಾರೆ ದಾರಿ ಐತೇನ್ರಿ?’ ಎಂದು ಇಬ್ಬರನ್ನೂ ಕೇಳಲಿ. ಇಬ್ಬರೂ ಬೇಕೆಂದರೆ ಧೈರ್ಯವಾಗಿ ಮಾಡಿಸೋಣ.

ಸಹಿ ಮಾಡುವ ಮೊದಲು ಓದು. ಓದು ಬಾರದಿದ್ದರೆ ಓದಿಸು. ಬಾಬಾಸಾಹೇಬರು ಕಲಿಯಿರಿ ಎಂದದ್ದು ಸಾಲಿಗಷ್ಟೇ ಅಲ್ಲ, ದವಾಖಾನೆಗೂ.