ಮಿತ್ರ ರಾಷ್ಟ್ರಗಳು ಗಡಿಯಲ್ಲೇ ನಿಂತದ್ದೇಕೆ?

ಶಾಲೆಯಲ್ಲಿ ವಿಶ್ವಸಂಸ್ಥೆಯ ಪಾಠ ಮಾಡುವುದು ಸುಲಭ. ಪಾಠ ಮುಗಿದ ಮೇಲೆ ಬರುವ ಪ್ರಶ್ನೆಗಳಿಗೆ ಉತ್ತರಿಸುವುದೇ ಕಷ್ಟ. ಮೊನ್ನೆ ಒಂಬತ್ತನೇ ತರಗತಿಯಲ್ಲಿ ಭದ್ರತಾ ಮಂಡಳಿಯ ಬಗ್ಗೆ ಹೇಳಿ ಮುಗಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಉಕ್ರೇನಿನ ಬಳಿ ಅಣುಬಾಂಬ್ ಇತ್ತಂತೆ. ದೊಡ್ಡ ದೇಶಗಳ ಮಾತು ನಂಬಿ ಕೊಟ್ಟುಬಿಟ್ಟಿತಂತೆ. ಕೊಡದೇ ಇದ್ದಿದ್ದರೆ ರಷ್ಯಾ ಬರುತ್ತಿತ್ತಾ?" ಎಂದು ಕೇಳಿದ. ಅರ್ಧ ತರಗತಿ ಒಟ್ಟಿಗೇ "ಬರ್ತಿರ್ಲಿಲ್ಲ" ಎಂದು ಕೂಗಿತು. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಬಚಾವಾದೆ. ಆದರೆ ಹದಿನಾಲ್ಕು ವರ್ಷದ ಮಕ್ಕಳು ಬಾಂಬೇ ಪರಿಹಾರ ಎಂಬ ತೀರ್ಮಾನಕ್ಕೆ ಇಷ್ಟು ಬೇಗ ಬಂದದ್ದು ಮನೆಗೆ ಬಂದ ಮೇಲೂ ನನ್ನನ್ನು ಕಾಡಿತು.

ಹುಡುಗ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ನೆಲದಲ್ಲಿ ಸುಮಾರು 1,900 ದೂರಗಾಮಿ ಅಣು ಸಿಡಿತಲೆಗಳು ಉಳಿದಿದ್ದವು. ಸಂಖ್ಯೆಯಲ್ಲಿ ಅದು ಜಗತ್ತಿನಲ್ಲೇ ಮೂರನೆಯದು. ಆದರೆ ಅವುಗಳನ್ನು ಹಾರಿಸುವ ಸಂಕೇತಗಳು ಮಾಸ್ಕೋದ ಕೈಯಲ್ಲಿದ್ದವು. ಹೊಸ ದೇಶದ ಖಜಾನೆಯೂ ಬರಿದಾಗಿತ್ತು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್ ನಗರದಲ್ಲಿ ಅಮೇರಿಕ, ಬ್ರಿಟನ್ ಮತ್ತು ರಷ್ಯಾ ಒಂದು ಪತ್ರಕ್ಕೆ ಸಹಿ ಹಾಕಿದವು. ಉಕ್ರೇನಿನ ಗಡಿಯನ್ನು ಗೌರವಿಸುತ್ತೇವೆ, ಅದರ ಮೇಲೆ ಬಲಪ್ರಯೋಗ ಮಾಡುವುದಿಲ್ಲ ಎಂದು ಮೂವರೂ ಬರೆದುಕೊಟ್ಟರು. 1996ರ ಹೊತ್ತಿಗೆ ಸಿಡಿತಲೆಗಳೆಲ್ಲ ರಷ್ಯಾಕ್ಕೆ ಹೋದವು.

ಆ ಪತ್ರದಲ್ಲಿ ಬಳಸಿದ ಪದ 'ಅಶ್ಯೂರೆನ್ಸ್'. ಉಕ್ರೇನ್ ಬಯಸಿದ್ದು 'ಗ್ಯಾರಂಟಿ'. (ನಮ್ಮ ಕರ್ನಾಟಕದಲ್ಲಿ 2023ರ ಚುನಾವಣೆಯ ನಂತರ ಗ್ಯಾರಂಟಿ ಎಂದರೆ ಬಸ್ಸಿನ ಟಿಕೆಟು ನೆನಪಾಗುತ್ತದೆ, ಅದು ಬೇರೆ ವಿಷಯ.) ಸಾಲಕ್ಕೆ ಜಾಮೀನು ಸಹಿ ಹಾಕುವವನಿಗೂ, "ಪಾಪ, ಒಳ್ಳೆಯ ಮನುಷ್ಯ, ಕೊಡುತ್ತಾನೆ" ಎಂದು ಅಂಗಡಿಯ ಜಗುಲಿಯಲ್ಲಿ ಕೂತು ಹೇಳುವವನಿಗೂ ಎಷ್ಟು ವ್ಯತ್ಯಾಸವಿದೆಯೋ ಈ ಎರಡು ಪದಗಳ ನಡುವೆಯೂ ಅಷ್ಟೇ ಇದೆ. ದಾಳಿಯಾದರೆ ನಮ್ಮ ಸೈನ್ಯ ಬರುತ್ತದೆ ಎಂದು ಆ ಪತ್ರದ ಯಾವ ಸಾಲಿನಲ್ಲೂ ಇಲ್ಲ. ಅಣ್ವಸ್ತ್ರದ ಬೆದರಿಕೆ ಬಂದರೆ ಭದ್ರತಾ ಮಂಡಳಿಗೆ ದೂರು ಒಯ್ಯುತ್ತೇವೆ ಎಂದಿದೆ. ಆ ಮಂಡಳಿಯಲ್ಲಿ ರಷ್ಯಾಕ್ಕೂ ವೀಟೋ ಇದೆ ಎಂಬುದು ಸಹಿ ಹಾಕಿದ ಎಲ್ಲರಿಗೂ ಗೊತ್ತಿತ್ತು.

2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡಿತು. ಪಾಶ್ಚಾತ್ಯ ದೇಶಗಳು ಕೆಲವು ನಿರ್ಬಂಧಗಳನ್ನು ಹೇರಿದವು, ರಷ್ಯಾವನ್ನು ಜಿ-8 ಕೂಟದಿಂದ ಹೊರಗಿಟ್ಟವು. ಮರುವರ್ಷವೇ ಸಮುದ್ರದಡಿ ರಷ್ಯಾದಿಂದ ಜರ್ಮನಿಗೆ ಎರಡನೆಯ ಗ್ಯಾಸ್ ಕೊಳವೆ ಹಾಕುವ ಒಪ್ಪಂದವಾಯಿತು! ನನ್ನ ಅಭಿಪ್ರಾಯದಲ್ಲಿ 2022ರ ಬಾಗಿಲು ತೆರೆದದ್ದು ಅಲ್ಲಿಯೇ.

2022ರ ಫೆಬ್ರವರಿ 24ರಂದು ಯುದ್ಧ ಆರಂಭವಾಯಿತು. ಅದಕ್ಕೂ ಒಂದು ತಿಂಗಳು ಮೊದಲು, ಗಡಿಯಲ್ಲಿ ರಷ್ಯಾದ ಸೈನ್ಯ ಜಮಾಯಿಸುತ್ತಿದ್ದಾಗ, ಜರ್ಮನಿ ಉಕ್ರೇನಿಗೆ 5,000 ಹೆಲ್ಮೆಟ್ ಕೊಡುವುದಾಗಿ ಘೋಷಿಸಿತ್ತು. ಮುಂದೆ ದಿಂಬು ಕಳುಹಿಸುತ್ತೀರಾ ಎಂದು ಕೀವ್ ನಗರದ ಮೇಯರ್ ಕುಹಕವಾಡಿದ್ದರು. ಯುದ್ಧದ ಬೆಳಿಗ್ಗೆ ಪುಟಿನ್, ಅಡ್ಡ ಬಂದವರು ಇತಿಹಾಸದಲ್ಲೇ ಕಾಣದ ಪರಿಣಾಮ ಎದುರಿಸಬೇಕಾದೀತು ಎಂದರು. ಮೂರು ದಿನಗಳಲ್ಲಿ ತಮ್ಮ ಅಣ್ವಸ್ತ್ರ ಪಡೆಗಳಿಗೆ ವಿಶೇಷ ಸನ್ನದ್ಧತೆಯ ಆದೇಶ ಕೊಟ್ಟರು. ಮಿತ್ರರ ನಡೆಯನ್ನೆಲ್ಲ ಅಳೆದದ್ದು ಈ ಎರಡು ಮಾತುಗಳೇ.

ನೀವು ಆ ದಿನಗಳ ಪತ್ರಿಕೆಗಳನ್ನು ನೆನಪಿಸಿಕೊಳ್ಳಿ. ಖಾರ್ಕಿವ್ ನಗರದಲ್ಲಿ ನಮ್ಮ ರಾಜ್ಯದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡ ಸುದ್ದಿ ಮಾರ್ಚ್ 1ರಂದು ಬಂತು. ಅದೇ ವಾರ, ತಮ್ಮ ಆಕಾಶದಲ್ಲಿ ರಷ್ಯಾದ ವಿಮಾನ ಹಾರದಂತೆ ತಡೆಯಿರಿ ಎಂದು ಉಕ್ರೇನ್ ಅಂಗಲಾಚುತ್ತಿತ್ತು. ನೇಟೋ ಒಪ್ಪಲಿಲ್ಲ. ತಡೆಯಬೇಕಾದರೆ ರಷ್ಯಾದ ವಿಮಾನವನ್ನು ಹೊಡೆದುರುಳಿಸಬೇಕು, ಅದು ಮೂರನೇ ಮಹಾಯುದ್ಧವಾಗುತ್ತದೆ ಎಂಬುದು ಬೈಡನ್ ಅವರ ವಾದ. ನೇಟೋದ 1949ರ ಒಪ್ಪಂದದ 5ನೇ ವಿಧಿಯಂತೆ ಒಬ್ಬ ಸದಸ್ಯನ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ. ಉಕ್ರೇನ್ ಸದಸ್ಯನಲ್ಲ. 2008ರಲ್ಲೇ "ನೀವೂ ಸದಸ್ಯರಾಗುತ್ತೀರಿ" ಎಂದಿದ್ದರು. ಯಾವಾಗ ಎಂದು ಹೇಳಿರಲಿಲ್ಲ.

ಹಾಗೆಂದು ಮಿತ್ರರು ಕೈಕಟ್ಟಿ ಕುಳಿತರು ಎನ್ನುವುದು ಅನ್ಯಾಯವಾದೀತು. ರಷ್ಯಾದ ಸುಮಾರು 300 ಶತಕೋಟಿ ಡಾಲರ್ ಮೀಸಲು ಹಣವನ್ನು ತಡೆಹಿಡಿದರು. ಲಕ್ಷಗಟ್ಟಲೆ ನಿರಾಶ್ರಿತರಿಗೆ ಮನೆಬಾಗಿಲು ತೆರೆದರು. ಶಸ್ತ್ರಾಸ್ತ್ರವನ್ನೂ ಕೊಟ್ಟರು, ಆದರೆ ಕೊಟ್ಟ ಕ್ರಮ ನೋಡಿ. ಮೊದಲು ಭುಜದ ಮೇಲಿಟ್ಟು ಹಾರಿಸುವ ಕ್ಷಿಪಣಿ. 2022ರ ಜೂನ್‌ನಲ್ಲಿ ಹಿಮಾರ್ಸ್ ರಾಕೆಟ್. 2023ರ ಜನವರಿಯಲ್ಲಿ ಲೆಪರ್ಡ್ ಟ್ಯಾಂಕಿಗೆ ಒಪ್ಪಿಗೆ. ಎಫ್-16 ವಿಮಾನ 2024ರ ಆಗಸ್ಟ್‌ನಲ್ಲಿ. ಅಮೇರಿಕದ ದೂರದ ಕ್ಷಿಪಣಿಗಳನ್ನು ರಷ್ಯಾದ ಒಳಗೆ ಹಾರಿಸಲು ಅನುಮತಿ ಸಿಕ್ಕಿದ್ದು 2024ರ ನವೆಂಬರ್‌ನಲ್ಲಿ. ಪ್ರತಿ ಬಾರಿಯೂ ಮೊದಲು "ಇದು ಸಾಧ್ಯವೇ ಇಲ್ಲ" ಎನ್ನುವುದು, ತಿಂಗಳುಗಟ್ಟಲೆ ಯೋಚಿಸುವುದು, ರಷ್ಯಾ ಗುಡುಗುವುದು, ಕೊನೆಗೆ ಕೊಡುವುದು. ಕೆರೆಯ ಆಳ ತಿಳಿಯದವನು ಒಂದೊಂದೇ ಹೆಜ್ಜೆ ಇಟ್ಟು ನೋಡುವ ಹಾಗೆ. ಇಟ್ಟ ಹೆಜ್ಜೆಗೆ ಬಾಂಬ್ ಬೀಳಲಿಲ್ಲ ಎಂದು ಖಾತ್ರಿಯಾದ ಮೇಲೆ ಮುಂದಿನ ಹೆಜ್ಜೆ. ಹೆಜ್ಜೆ ಇಡುವವರದು ಎಚ್ಚರಿಕೆ ಇರಬಹುದು. ನಡುನೀರಿನಲ್ಲಿ ಮುಳುಗುತ್ತಿರುವವನಿಗೆ ಆ ಎಚ್ಚರಿಕೆ ಹೇಗೆ ಕಂಡಿರಬಹುದು?

2022ರ ನವೆಂಬರ್ 15ರಂದು ಪೋಲೆಂಡಿನ ಗಡಿಯ ಹಳ್ಳಿಯೊಂದರಲ್ಲಿ ಕ್ಷಿಪಣಿ ಬಿದ್ದು ಇಬ್ಬರು ಸತ್ತರು. ಪೋಲೆಂಡ್ ನೇಟೋ ಸದಸ್ಯ ದೇಶ. ಆ ರಾತ್ರಿ ಜಗತ್ತು ಉಸಿರು ಬಿಗಿಹಿಡಿದಿತ್ತು. ಅದು ರಷ್ಯಾದ್ದಲ್ಲ, ಉಕ್ರೇನ್ ತನ್ನ ರಕ್ಷಣೆಗೆ ಹಾರಿಸಿದ ಕ್ಷಿಪಣಿ ಇರಬೇಕು ಎಂದು ಮರುದಿನ ನೇಟೋ ಮತ್ತು ಪೋಲೆಂಡ್ ಹೇಳಿದಾಗ ರಾಜಧಾನಿಗಳಲ್ಲಿ ಕಂಡದ್ದು ಸಮಾಧಾನ. ಆ ಗಡಿಯ ಇನ್ನೊಂದು ಬದಿಯಲ್ಲಿ ಅಂತಹ ಕ್ಷಿಪಣಿಗಳು ದಿನವೂ ಬೀಳುತ್ತಿದ್ದವು. ಇದನ್ನು ಕಂಡ ಫಿನ್‌ಲ್ಯಾಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ನೇಟೋ ಸೇರಿಕೊಂಡವು.

ನಮ್ಮ ದೇಶ ಏನು ಮಾಡಿತು? 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶಗಳು ದಾಳಿಯನ್ನು ಖಂಡಿಸಿದಾಗ ಭಾರತವೂ ಸೇರಿ 35 ದೇಶಗಳು ಮತ ಹಾಕದೆ ದೂರ ಉಳಿದವು. 1980ರ ಜನವರಿಯಲ್ಲಿ ಅಫ್ಘಾನಿಸ್ತಾನದ ಪ್ರಶ್ನೆ ಬಂದಾಗಲೂ ನಾವು ಮತ ಹಾಕಿರಲಿಲ್ಲ. ಶಸ್ತ್ರಾಸ್ತ್ರಕ್ಕಾಗಿ ಮಾಸ್ಕೋವನ್ನು ನೆಚ್ಚಿಕೊಂಡ ಹಳೆಯ ನಂಟು ಅದು. ಅಡುಗೆ ಮನೆಯ ಸೂರ್ಯಕಾಂತಿ ಎಣ್ಣೆ ದುಬಾರಿಯಾದದ್ದು ಸಹೋದರಿಯರಿಗೆ ನೆನಪಿರುತ್ತದೆ. ಆ ಎಣ್ಣೆಯ ದೊಡ್ಡ ಪಾಲು ನಮಗೆ ಉಕ್ರೇನಿನಿಂದ ಬರುತ್ತಿತ್ತು. 2023ರ ಹೊತ್ತಿಗೆ ನಮ್ಮ ಆಮದಿನ ಕಚ್ಚಾ ತೈಲದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ರಷ್ಯಾದಿಂದ ಬರುತ್ತಿತ್ತು. ಇಲ್ಲಿ ಇನ್ನೊಂದು ಮಾತು ಹೇಳದಿರಲಾರೆ. 2003ರಲ್ಲಿ ಅಮೇರಿಕ ಮತ್ತು ಬ್ರಿಟನ್ ಎಂಬ ಎರಡು ಅಣ್ವಸ್ತ್ರ ರಾಷ್ಟ್ರಗಳು ಇರಾಕಿಗೆ ನುಗ್ಗಿದಾಗ ಯಾರೂ ಅವುಗಳ ಮೀಸಲು ಹಣ ತಡೆಹಿಡಿಯಲಿಲ್ಲ. ಏಷ್ಯಾ, ಆಫ್ರಿಕಾದ ಹಲವರು ಪಾಶ್ಚಾತ್ಯರ ಉಪದೇಶ ಕೇಳದಿರಲು ಇದೂ ಒಂದು ಕಾರಣ. ಆದರೆ ಒಬ್ಬನ ಪಾಪ ಇನ್ನೊಬ್ಬನ ಪಾಪಕ್ಕೆ ಪರವಾನಗಿಯಾಗುವುದಿಲ್ಲ.

ಅಫ್ಘಾನಿಸ್ತಾನದ ಹೆಸರು ಬಂತಲ್ಲ. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೈನ್ಯ ಅಲ್ಲಿಗೆ ನುಗ್ಗಿದಾಗಲೂ ಇದೇ ಲೆಕ್ಕಾಚಾರ ನಡೆದಿತ್ತು. ಕಾರ್ಟರ್ ಸೋವಿಯತ್ತಿಗೆ ಧಾನ್ಯ ಮಾರುವುದನ್ನು ಕಡಿತಗೊಳಿಸಿದರು, ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿದರು. ಮುಸ್ಲಿಮ್ ರಾಷ್ಟ್ರಗಳ ಸಂಘಟನೆ ಇಸ್ಲಾಮಾಬಾದಿನಲ್ಲಿ ತುರ್ತು ಸಭೆ ಸೇರಿ ಖಂಡಿಸಿತು. ಆಯುಧಗಳು ಪಾಕಿಸ್ತಾನದ ಮೂಲಕ ಗುಟ್ಟಾಗಿ ಹೋದವು. ಅಮೇರಿಕದ ಕೈ ಕಾಣಬಾರದೆಂದು ಮೊದಮೊದಲು ಸೋವಿಯತ್ ಮಾದರಿಯ ಬಂದೂಕುಗಳನ್ನೇ ಹುಡುಕಿ ಕಳುಹಿಸಿದರು. ಸ್ಟಿಂಗರ್ ಕ್ಷಿಪಣಿ ಬಂದದ್ದು 1986ರಲ್ಲಿ, ಏಳನೆಯ ವರ್ಷಕ್ಕೆ. 1989ರ ಫೆಬ್ರವರಿ 15ರಂದು ಕೊನೆಯ ಸೋವಿಯತ್ ಸೈನಿಕ ಹಿಂತಿರುಗಿದ. ಕೆಲವೇ ವರ್ಷಗಳಲ್ಲಿ ಮಿತ್ರರೂ ಬೆನ್ನು ತಿರುಗಿಸಿದರು. ಕೊಟ್ಟ ಬಂದೂಕುಗಳು ಅಲ್ಲೇ ಉಳಿದವು. ಕಾಬೂಲ್ ನಗರ ಹಾಳಾದದ್ದು ಸೋವಿಯತ್ ಸೈನ್ಯ ಇದ್ದಾಗಲ್ಲ, ಅದು ಹೋದ ನಂತರದ ಅಂತರ್ಯುದ್ಧದಲ್ಲಿ. 2025ರ ಮಾರ್ಚ್‌ನಲ್ಲಿ ಟ್ರಂಪ್ ಸರಕಾರ ಉಕ್ರೇನಿನ ನೆರವನ್ನು ಕೆಲವು ದಿನ ನಿಲ್ಲಿಸಿದಾಗ ನನಗೆ ನೆನಪಾದದ್ದು ಕಾಬೂಲ್.

ಇನ್ನು ದಾಳಿ ಮಾಡಿದವನ ಮಿತ್ರರು. ಬೆಲಾರೂಸ್ ತನ್ನ ನೆಲವನ್ನೇ ಬಿಟ್ಟುಕೊಟ್ಟಿತು. ಉತ್ತರ ಕೊರಿಯಾ 2024ರಲ್ಲಿ ಸೈನಿಕರನ್ನು ಕಳುಹಿಸಿತು. ಆದರೆ ನನ್ನ ವಿದ್ಯಾರ್ಥಿಗೆ ಹೇಳಬೇಕೆಂದಿರುವುದು ಕಝಕಿಸ್ತಾನದ ಕತೆ. ಅದರ ನೆಲದ ಸೆಮಿಪಲಾಟಿನ್‌ಸ್ಕ್‌ನಲ್ಲಿ ಸೋವಿಯತ್ ಸರಕಾರ 456 ಅಣು ಪರೀಕ್ಷೆಗಳನ್ನು ನಡೆಸಿತ್ತು. ಅದರಿಂದ ಕಾಯಿಲೆ ಬಿದ್ದವರನ್ನು ಕಂಡ ಜನರೇ ಚಳವಳಿ ಹೂಡಿದರು, 1991ರಲ್ಲಿ ಆ ಕೇಂದ್ರ ಮುಚ್ಚಿತು. ಕಝಕಿಸ್ತಾನವೂ ಸಾವಿರಕ್ಕೂ ಹೆಚ್ಚು ಸಿಡಿತಲೆಗಳನ್ನು ಬಿಟ್ಟುಕೊಟ್ಟಿತು. ಬುಡಾಪೆಸ್ಟಿನಲ್ಲಿ ಅದೇ ದಿನ ಅದಕ್ಕೂ ಅಂತಹದೇ ಪತ್ರ ಸಿಕ್ಕಿತು. ರಷ್ಯಾದ ಜೊತೆ ಅದಕ್ಕಿರುವ ಗಡಿ ಸುಮಾರು 7,600 ಕಿಲೋಮೀಟರ್. ಅದು ರಷ್ಯಾದ ಸೈನಿಕ ಮೈತ್ರಿಕೂಟದ ಸದಸ್ಯ. 2022ರ ಜನವರಿಯಲ್ಲಿ ಅಲ್ಲಿ ದಂಗೆಯಾದಾಗ ಅಧ್ಯಕ್ಷ ಟೊಕಾಯೆವ್ ಕರೆದು ರಷ್ಯಾದ ಸೈನಿಕರು ಬಂದಿದ್ದರು. ಆ ಋಣವಿದ್ದರೂ ಕಝಕಿಸ್ತಾನ ಉಕ್ರೇನಿಗೆ ಸೈನ್ಯ ಕಳುಹಿಸಲಿಲ್ಲ. ಅದೇ ಜೂನ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವೇದಿಕೆಯಲ್ಲಿ, ಪಕ್ಕದಲ್ಲಿ ಪುಟಿನ್ ಕುಳಿತಿರುವಾಗಲೇ, ಉಕ್ರೇನಿನಿಂದ ಬೇರ್ಪಡಿಸಿದ ಡೊನೆಟ್ಸ್ಕ್, ಲುಹಾನ್ಸ್ಕ್ ಪ್ರದೇಶಗಳನ್ನು ನಾವು ದೇಶಗಳೆಂದು ಒಪ್ಪುವುದಿಲ್ಲ ಎಂದು ಟೊಕಾಯೆವ್ ಹೇಳಿದರು. ಆಗ ಅವರ ಬಳಿ ಬಾಂಬ್ ಇರಲಿಲ್ಲ.

ಸೋಮವಾರ ಮೂರನೇ ಪೀರಿಯಡ್ ಒಂಬತ್ತನೇ ತರಗತಿಗೆ. ಸ್ಟಾಫ್ ರೂಮಿನ ಬೀರುವಿನ ಮೇಲಿರುವ ಏಷ್ಯಾದ ಭೂಪಟವನ್ನು ಧೂಳು ಕೊಡವಿ ಒಯ್ಯಬೇಕು.